ನೆರಳು ಎಷ್ಟೊತ್ತಿಗೆ ಗಿಡ್ಡ?

ಈ ವಿಡಿಯೊದಲ್ಲಿ ನಮ್ಮ ಶಾಲೆ ಮೈದಾನದ ನಡುವೆ ನಿಂತಿದೆಯಲ್ಲ, ಆ ಕೋಲು ಸರಿಯಾಗಿ 1 ಮೀಟರ್. ನಾಲ್ಕನೇ ಕ್ಲಾಸಿನ ಮಕ್ಕಳೇ ನೆಟ್ಟಿದ್ದು. ವಾಲಿದೆಯಾ ಅಂತ ನೋಡಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟಿದ್ದಾರೆ. ವಿಡಿಯೊದಲ್ಲಿ ಬರೀ ಕೈಗಳು ಕಾಣುತ್ತವೆ. ಮಕ್ಕಳ ಮುಖ ಬೇಕಂತಲೇ ತೋರಿಸಿಲ್ಲ.

ಇವತ್ತಿನ ಪ್ರಶ್ನೆ ಒಂದೇ. ಕೋಲಿನ ನೆರಳು ಎಲ್ಲಕ್ಕಿಂತ ಗಿಡ್ಡ ಆಗುವುದು ಯಾವಾಗ? "ಹನ್ನೆರಡಕ್ಕೆ!" ಅಂತ ಇಡೀ ಕ್ಲಾಸು ಕೂಗಿತು. ಸರಿ, ನೋಡೋಣ ಅಂದೆ.

11 ಗಂಟೆಯಿಂದ ಶುರು. ಕಾಲು ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಕಲ್ಲು, ಕಲ್ಲಿನ ಕೆಳಗೆ ಸಮಯ ಬರೆದ ಚೀಟಿ. ಮೋಡ ಬಂದರೆ ಕೆಲಸ ನಿಲ್ಲುತ್ತದೆ. ಆಗ ಎಲ್ಲರೂ ಇರುವೆ ಸಾಲಿನ ಹತ್ತಿರ. ಸಾಲಿಗೆ ಅಡ್ಡ ನೆಲವನ್ನು ಬೆರಳಿಂದ ಒರೆಸಿದರೆ ಇರುವೆಗಳು ಗಲಿಬಿಲಿ ಆಗುತ್ತವೆ. ಅವು ವಾಸನೆ ಹಿಡಿದು ನಡೆಯುತ್ತವೆ ನೋಡಿ. ಇರಲಿ, ಅದಕ್ಕೇ ಬೇರೆ ವಿಡಿಯೊ ಮಾಡಬೇಕು.

ಹನ್ನೆರಡಾಯಿತು, ಕಲ್ಲಿಟ್ಟರು. ಹನ್ನೆರಡೂಕಾಲಿನ ಕಲ್ಲು ಕೋಲಿಗೆ ಇನ್ನೂ ಹತ್ತಿರ ಬಂತು! "ನಿಮ್ಮ ವಾಚು ಮುಂದಿದೆ ಮಿಸ್" ಅಂದಳು ಒಬ್ಬಳು. ಇನ್ನೊಬ್ಬನಿಗೆ ಟೇಪಿನ ಮೇಲೇ ಅನುಮಾನ. ಕೋಲು ವಾಲಿರಬೇಕು ಅಂತ ಮತ್ತೊಬ್ಬ ಮತ್ತೆ ದಾರ ತಂದ. ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಹೇಳಲಿಲ್ಲ. ಈ ಜಗಳಕ್ಕೇ ಅಲ್ವಾ ನಾವು ಹೊರಗೆ ಬಂದಿದ್ದು? ಒಂದೊಂದು ಅನುಮಾನವನ್ನೂ ಅವರೇ ಪರೀಕ್ಷೆ ಮಾಡಿ ಕೈಬಿಟ್ಟರು. 1 ಗಂಟೆಯ ಹೊತ್ತಿಗೆ ನೆರಳು ಮತ್ತೆ ಉದ್ದ ಆಗಿತ್ತು.

ಆಮೇಲೆ ಚೆಂಡಿಗೆ ಎರಡು ಚುಕ್ಕೆ ಇಟ್ಟು ಬಿಸಿಲಲ್ಲಿ ನಿಧಾನವಾಗಿ ತಿರುಗಿಸಿದೆವು. ಒಂದು ಚುಕ್ಕೆ ಸೂರ್ಯನ ಎದುರು ಬಂದ ಮೇಲೆ ಇನ್ನೊಂದು ಬರುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ 1 ಡಿಗ್ರಿಗೆ 4 ನಿಮಿಷ. ನಡುಮಧ್ಯಾಹ್ನ, ಅಂದರೆ ನೆರಳು ಎಲ್ಲಕ್ಕಿಂತ ಗಿಡ್ಡ ಆಗುವ ಹೊತ್ತು, ಪೂರ್ವದ ಊರಿಗೆ ಮೊದಲು, ಪಶ್ಚಿಮದ ಊರಿಗೆ ಆಮೇಲೆ. ಆದರೆ ಇಡೀ ದೇಶಕ್ಕೆ ಸಮಯ ಒಂದೇ, ಎರಡೂ ಊರಿನ ಗಡಿಯಾರದಲ್ಲಿ ಹನ್ನೆರಡು ಒಟ್ಟಿಗೇ ಆಗುತ್ತದೆ. ಅದಕ್ಕೇ ನಮ್ಮ ನೆರಳು ಹನ್ನೆರಡು ದಾಟಿದ ಮೇಲೆ ಗಿಡ್ಡ ಆಗಿದ್ದು. ಭೂಮಿ ಓರೆಯಾಗಿರುವುದರಿಂದ, ಅದು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲದ್ದರಿಂದ ಇನ್ನೂ ಕೆಲವು ನಿಮಿಷ ಹಿಂದೆಮುಂದೆ ಆಗುತ್ತದೆ. ನಾಲ್ಕನೇ ಕ್ಲಾಸಿಗೆ ಅದು ಜಾಸ್ತಿಯಾಯಿತು, ಬಿಟ್ಟೆ.

ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಕಥೆ ಮಾತ್ರ ಬಿಡಲಿಲ್ಲ. ಸುಮಾರು 2,200 ವರ್ಷಗಳ ಹಿಂದೆ, ಒಂದೇ ದಿನದ ನಡುಮಧ್ಯಾಹ್ನ ಈಜಿಪ್ಟಿನ ಸೈಯೀನ್‌ನಲ್ಲಿ ನೆರಳೇ ಇಲ್ಲ, ಅದೇ ದೇಶದ ಅಲೆಕ್ಸಾಂಡ್ರಿಯಾದಲ್ಲಿ ಇದೆ. ಆ ನೆರಳಿನ ಕೋನ ಇಡೀ ವೃತ್ತದ 50ರಲ್ಲಿ ಒಂದು ಭಾಗ. ಹಾಗಾದರೆ ಎರಡು ಊರಿನ ನಡುವಿನ ದೂರದ 50 ಪಟ್ಟು ಭೂಮಿಯ ಸುತ್ತಳತೆ. "ಬರೀ ನೆರಳಿಂದಾ?" ಅಂತ ಕೇಳಿದವನೇ ಓಡಿಹೋಗಿ ಮರದ ನೆರಳು ಅಳೆದ. 4 ಮೀಟರ್. ಅದೇ ಹೊತ್ತಿಗೆ ನಮ್ಮ ಕೋಲಿನ ನೆರಳು ಅರ್ಧ ಮೀಟರ್. ಮರ ಎಷ್ಟು ಎತ್ತರ? ಲೆಕ್ಕ ನೀವೇ ಮಾಡಿ.

ಹೊರಗೆ ಕರೆದುಕೊಂಡು ಹೋದರೆ ಸಾಕು, ಮಕ್ಕಳು ತಾವೇ ಕಲಿಯುತ್ತಾರೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸುಮ್ನೆ ಬಿಟ್ಟರೆ ಅದು ಆಟದ ಪೀರಿಯಡ್. ಹಾಗಂತ ಇಪ್ಪತ್ತು ಪ್ರಶ್ನೆಯ ಹಾಳೆ ಕೈಗೆ ಕೊಟ್ಟರೆ ತಲೆ ತಗ್ಗಿಸಿ ಅದನ್ನೇ ತುಂಬುತ್ತಾರೆ, ಮರ ನೋಡುವುದೇ ಇಲ್ಲ.

ನೀವೂ ಮಾಡುವುದಾದರೆ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ. ಕಲ್ಲಿಡುವವರು, ಅಳೆಯುವವರು, ಬರೆಯುವವರು, ಸಮಯ ನೋಡುವವರು. ಟೋಪಿ, ನೀರು ಇರಲಿ. ಸೂರ್ಯನನ್ನು ನೇರವಾಗಿ ನೋಡಬಾರದು ಅಂತ ಮೊದಲೇ ಗಟ್ಟಿಯಾಗಿ ಹೇಳಿಬಿಡಿ, ಒಬ್ಬರಾದರೂ ನೋಡಲು ಹೋಗುತ್ತಾರೆ.