ಮೂಗಿನಲ್ಲಿ ಮೂಳೆ ಬೆಳೆದಿಲ್ಲ

ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯನಾಗಿ ಕೆಲಸ ಮಾಡುವ ನಾನು ವಾರಕ್ಕೆ ಹತ್ತು ಬಾರಿಯಾದರೂ ಕೇಳುವ ಮಾತೆಂದರೆ, ‘ಮೂಗಲ್ಲಿ ಮೂಳೆ ಬೆಳೆದಿದೆಯಂತೆ ಸಾರ್’ ಎಂಬುದು. ಕಳೆದ ವಾರ ಅದೇ ಮಾತು ನಮ್ಮ ಚಾನೆಲ್‌ನ ಹಿಂದಿನ ಸಂಚಿಕೆಯ ಕೆಳಗಿನ ಪ್ರತಿಕ್ರಿಯೆಗಳಲ್ಲೂ ಬಂದಿದೆ. ಬರೆದವರು ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆದಾರರು. ಮೂರು ವರ್ಷದಿಂದ ತಲೆನೋವು, ಮೂಗು ಕಟ್ಟುವುದು, ಬೆಳಗಾದರೆ ಸಾಲು ಸಾಲು ಸೀನು. ಬೆಂಗಳೂರಿಗೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿದ್ದಾರೆ. ವರದಿಯಲ್ಲಿ ‘ಎರಡೂ ಬದಿಯಲ್ಲಿ ಕಾಂಕಾ ಬುಲ್ಲೋಸಾ’ ಎಂದಿದೆ. ಶಸ್ತ್ರಚಿಕಿತ್ಸೆಗೆಂದು ಹೆಂಡತಿಯ ಒಡವೆ ಅಡವಿಡಲು ಹೊರಟಿರುವ ಅವರು ಕೊನೆಯಲ್ಲಿ ಕೇಳಿರುವ ಪ್ರಶ್ನೆ ಇದು: ‘ಈ ಮೂಳೆ ತೆಗೆಸದಿದ್ದರೆ ಬೆಳೆದು ಬೆಳೆದು ಮೆದುಳಿಗೆ ಹೋಗುತ್ತದೆಯೇ?’

ಹೋಗುವುದಿಲ್ಲ. ಏಕೆಂದರೆ ಅದು ಬೆಳೆಯುತ್ತಲೇ ಇಲ್ಲ. ಅವರನ್ನು ಅಷ್ಟೊಂದು ಹೆದರಿಸಿದ ಮಾತಿನ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ಇವತ್ತಿನ ಸಂಚಿಕೆ ಪೂರ್ತಿ ಅದಕ್ಕೇ ಮೀಸಲು.

ಮೊದಲು ಮೂಗಿನ ಒಳಗೆ ಏನಿದೆ ಎಂಬುದನ್ನು ನೋಡೋಣ. ಎರಡೂ ಹೊಳ್ಳೆಗಳ ಹೊರಗೋಡೆಯಿಂದ ಒಳಕ್ಕೆ ಚಾಚಿಕೊಂಡ, ಶಂಖದ ಸುರುಳಿಯಂತೆ ಬಾಗಿದ ಮೂರು ಮೂರು ತೆಳು ಮೂಳೆಗಳಿವೆ. ಇವೇ ಟರ್ಬಿನೇಟುಗಳು. ಕೆಳಗಿನದು ಸ್ವತಂತ್ರವಾದ ಮೂಳೆ; ನಡುವಿನದು ಮತ್ತು ಮೇಲಿನದು ಕಣ್ಣುಗಳ ನಡುವೆ ಇರುವ ಎಥ್ಮಾಯ್ಡ್ ಎಂಬ ಮೂಳೆಯ ಭಾಗಗಳು. ಈ ಸುರುಳಿಗಳ ಮೇಲೆ ರಕ್ತನಾಳಗಳಿಂದ ತುಂಬಿದ ಲೋಳೆಪೊರೆ ಹೊದ್ದುಕೊಂಡಿದೆ. ನಾವು ದಿನಕ್ಕೆ ಉಸಿರಾಡುವ ಸುಮಾರು 10,000 ಲೀಟರ್ ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ದೂಳನ್ನು ಹಿಡಿದಿಟ್ಟು ಶ್ವಾಸಕೋಶಕ್ಕೆ ಕಳುಹಿಸುವ ಕೆಲಸದ ದೊಡ್ಡ ಪಾಲು ಈ ಪೊರೆಯದು. ನಂದಿ ಬೆಟ್ಟದ ಕಡೆಯಿಂದ ಬೀಸುವ ಡಿಸೆಂಬರಿನ ಚಳಿಗಾಳಿ ನಿಮ್ಮ ಎದೆಗೆ ತಣ್ಣಗೆ ತಾಗದಿರುವುದು ಇವುಗಳಿಂದ.

ಹುಟ್ಟಿದ ಮೇಲೆ, ಬೆಳವಣಿಗೆಯ ವರ್ಷಗಳಲ್ಲಿ, ಎಥ್ಮಾಯ್ಡಿನ ಗಾಳಿಗೂಡುಗಳು ಕೆಲವರಲ್ಲಿ ನಡುವಿನ ಟರ್ಬಿನೇಟಿನ ಒಳಕ್ಕೂ ಹಬ್ಬುತ್ತವೆ. ಆಗ ತೆಳುವಾಗಿರಬೇಕಾದ ಮೂಳೆ ಒಳಗೆ ಗಾಳಿ ತುಂಬಿಕೊಂಡು ಗುಳ್ಳೆಯಂತೆ ಉಬ್ಬಿಕೊಂಡಿರುತ್ತದೆ. ಕಾಂಕಾ ಬುಲ್ಲೋಸಾ ಎಂದರೆ ಇಷ್ಟೇ. ಇನ್ನು ಕೆಲವರಲ್ಲಿ ನಡುವಿನ ಟರ್ಬಿನೇಟು ತನ್ನ ಸಹಜ ದಿಕ್ಕಿಗೆ ವಿರುದ್ಧವಾಗಿ ಬಾಗಿರುತ್ತದೆ. ವರದಿಯಲ್ಲಿ ಅದನ್ನು ಪ್ಯಾರಡಾಕ್ಸಿಕಲ್ ಟರ್ಬಿನೇಟ್ ಎಂದು ಬರೆಯುತ್ತಾರೆ. ಇವು ಕೆಲವರ ಕೆನ್ನೆಯ ಗುಳಿಯಂತೆ, ಕೆಲವರ ಅಂಟಿಕೊಂಡ ಕಿವಿಹಾಲೆಯಂತೆ ದೇಹ ರಚನೆಯ ಭೇದಗಳು. ಸ್ಕ್ಯಾನ್ ಯಂತ್ರ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಆಸ್ಟ್ರಿಯಾದ ಅಂಗರಚನಾ ಶಾಸ್ತ್ರಜ್ಞ ಎಮಿಲ್ ಜುಕರ್‌ಕಾಂಡ್ಲ್ ಇದನ್ನು ವಿವರಿಸಿದ್ದರು. ಮೂಳೆ ಬೆಳೆದಿಲ್ಲ. ನಿಮ್ಮ ಮೂಳೆ ಇರುವುದೇ ಹಾಗೆ.

1991ರಲ್ಲಿ ಅಮೆರಿಕದಲ್ಲಿ ಬೋಲ್ಗರ್ ಮತ್ತು ಅವರ ಸಂಗಡಿಗರು 202 ಸ್ಕ್ಯಾನ್‌ಗಳನ್ನು ಪರಿಶೀಲಿಸಿದರು. ಸಣ್ಣಪುಟ್ಟ ಗಾಳಿಗೂಡುಗಳನ್ನೂ ಲೆಕ್ಕಕ್ಕೆ ಹಿಡಿದಾಗ, ಅರ್ಧಕ್ಕಿಂತ ಹೆಚ್ಚಿನವರ ನಡುವಿನ ಟರ್ಬಿನೇಟಿನಲ್ಲಿ ಗಾಳಿ ಕಂಡಿತು. 2004ರಲ್ಲಿ ಸ್ಟಾಲ್‌ಮನ್ ಮತ್ತು ಸಂಗಡಿಗರು 998 ಸ್ಕ್ಯಾನ್‌ಗಳನ್ನು ನೋಡಿದರು. ಅವುಗಳಲ್ಲಿ ನೂರಕ್ಕೆ 44ರಲ್ಲಿ ಕಾಂಕಾ ಬುಲ್ಲೋಸಾ ಇತ್ತು. ಈ ಗುಳ್ಳೆ ಇರುವ ಬದಿಯ ಎದುರು ಬದಿಗೆ ಮೂಗಿನ ನಡುಗೋಡೆ ವಾಲಿರುವುದಕ್ಕೂ ಗುಳ್ಳೆಗೂ ಗಟ್ಟಿಯಾದ ನಂಟು ಅವರಿಗೆ ಸಿಕ್ಕಿತು. ಆದರೆ ಗುಳ್ಳೆಗೂ ಸೈನಸ್, ಅಂದರೆ ಮೂಗಿನ ಸುತ್ತಲ ಮೂಳೆಗಳೊಳಗಿನ ಗಾಳಿಕೋಣೆಗಳ ಕಾಯಿಲೆಗೂ ನಂಟು ಸಿಗಲಿಲ್ಲ. ಹತ್ತು ಜನರಲ್ಲಿ ನಾಲ್ಕು ಜನರಿಗೆ ಇರುವುದನ್ನು ಕಾಯಿಲೆ ಎಂದು ಕರೆದು ಒಡವೆ ಅಡವಿಡಿಸುವುದು ಯಾವ ನ್ಯಾಯ?

ಇಲ್ಲಿ ಒಬ್ಬರು ಬುದ್ಧಿವಂತಿಕೆಯ ತಕರಾರು ಎತ್ತಿದ್ದಾರೆ: ‘ಗಲ್ಲಿ ಕಿರಿದಾದರೆ ಗಾಡಿ ನಿಲ್ಲುವುದಿಲ್ಲವೇ?’ ಒಪ್ಪುತ್ತೇನೆ, ಗಲ್ಲಿ ಇದೆ. ಕೆನ್ನೆಯ, ಹಣೆಯ ಮತ್ತು ಮುಂಭಾಗದ ಎಥ್ಮಾಯ್ಡ್ ಸೈನಸ್‌ಗಳ ಲೋಳೆ ನಡುವಿನ ಟರ್ಬಿನೇಟಿನ ಪಕ್ಕದ ಇಕ್ಕಟ್ಟಾದ ದಾರಿಯಲ್ಲೇ ಹೊರಬರಬೇಕು. ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ಮೆಸ್ಸರ್‌ಕ್ಲಿಂಗರ್ ಅವರು ಪೊರೆಯ ಮೇಲಿನ ಸೂಕ್ಷ್ಮ ರೋಮಗಳು ಈ ಲೋಳೆಯನ್ನು ಸಹಜ ರಂಧ್ರದ ಕಡೆಗೇ ಸಾಗಿಸುತ್ತವೆ ಎಂಬುದನ್ನು ತೋರಿಸಿಕೊಟ್ಟರು. ಇಂದಿನ ಎಂಡೋಸ್ಕೋಪ್ (ಮೂಗಿನೊಳಗೆ ಇಳಿಸಿ ನೋಡುವ ತೆಳು ದರ್ಶಕ ನಳಿಕೆ) ಶಸ್ತ್ರಚಿಕಿತ್ಸೆ ನಿಂತಿರುವುದು ಆ ಅಡಿಪಾಯದ ಮೇಲೆ. ಆದರೆ ಆ ಗಲ್ಲಿ ನಿಮಗೆ ಹತ್ತು ವರ್ಷದ ಹಿಂದೆಯೂ ಅಷ್ಟೇ ಕಿರಿದಾಗಿತ್ತಲ್ಲ? ಆಗ ಏಕೆ ಮೂಗು ಕಟ್ಟಲಿಲ್ಲ? ಮೂಳೆ ಬದಲಾಗಿಲ್ಲ, ಪೊರೆ ಊದಿಕೊಂಡಿದೆ. ಗೋಡೆ ಅಲ್ಲೇ ಇದೆ, ಗಲ್ಲಿಯಲ್ಲಿ ನೆರೆ ಬಂದಿದೆ. ನೆರೆಯನ್ನು ಇಳಿಸುವುದು ಬಿಟ್ಟು ಗೋಡೆ ಒಡೆಯುವ ಮಾತೇಕೆ?

ಪೊರೆ ಏಕೆ ಊದುತ್ತದೆ? ಮಳೆಗಾಲ ಕಾಲಿಟ್ಟರೆ ನಮ್ಮ ರಸ್ತೆ ಬದಿಯಲ್ಲೆಲ್ಲ ಕಾಂಗ್ರೆಸ್ ಗಿಡ ಹೂ ಬಿಡುತ್ತದೆ. ಅದರ ಪರಾಗ ಅಲರ್ಜಿ ತರುತ್ತದೆ. ಜಲ್ಲಿ ಕ್ರಷರ್‌ಗಳ ದೂಳಿದೆ. ಶಿಡ್ಲಘಟ್ಟದ ಆ ಸಹೋದರರೇ, ನಿಮಗಂತೂ ಗೂಡು ಬೇಯಿಸುವ ಬಾಣಲೆಯ ಹಬೆ ದಿನಪೂರ್ತಿ ಮುಖಕ್ಕೆ ಹೊಡೆಯುತ್ತದೆ. ಬಿಚ್ಚಾಣಿಕೆ ಘಟಕಗಳ ಕೆಲಸಗಾರರಲ್ಲಿ ಅಲರ್ಜಿ ಮತ್ತು ಉಬ್ಬಸ ಬರುವುದು ವೈದ್ಯಕೀಯದಲ್ಲಿ ದಾಖಲಾಗಿರುವ ಸಂಗತಿ. ವರದಿ ಬರೆದವರಿಗೆ ನಿಮ್ಮ ಕೆಲಸ ಏನೆಂದು ಗೊತ್ತಿತ್ತೇ? ಭಾನುವಾರ ಕೆಲಸವಿಲ್ಲದಾಗ ಮೂಗು ಹಗುರಾಗುತ್ತದೆಯೇ ಎಂದು ನಿಮ್ಮನ್ನು ಯಾರಾದರೂ ಕೇಳಿದರೇ? ಆ ಒಂದು ಪ್ರಶ್ನೆಗೆ ಸ್ಕ್ಯಾನಿಗಿಂತ ಹೆಚ್ಚು ಬೆಲೆಯಿದೆ.

ಕೆಳಗಿನ ಟರ್ಬಿನೇಟಿನ ಕತೆಯೂ ಇದೇ. ‘ಮಾಂಸ ಬೆಳೆದಿದೆ’ ಎಂದು ಜನ ಹೇಳುವುದು ಬಹಳ ಸಲ ಇದನ್ನೇ. ಆರೋಗ್ಯವಂತರಲ್ಲೂ ಒಂದು ಹೊಳ್ಳೆಯ ಪೊರೆ ಕೆಲವು ಗಂಟೆ ಊದಿಕೊಂಡು, ಆಮೇಲೆ ಅದು ಇಳಿದು ಇನ್ನೊಂದು ಹೊಳ್ಳೆ ಊದಿಕೊಳ್ಳುತ್ತದೆ. 1895ರಲ್ಲಿ ಜರ್ಮನಿಯ ಕೈಸರ್ ಎಂಬ ವೈದ್ಯರು ಇದನ್ನು ವಿವರಿಸಿದರು. ನಮ್ಮ ಯೋಗ ಪರಂಪರೆಯವರು ಚಂದ್ರನಾಡಿ, ಸೂರ್ಯನಾಡಿ ಎಂದು ಉಸಿರಿನ ಸರದಿಯನ್ನು ಅದಕ್ಕೂ ಬಹಳ ಮೊದಲೇ ಗಮನಿಸಿದ್ದರು. ಊದಿಕೊಂಡಿರುವ ಸರದಿಯಲ್ಲಿ ಸ್ಕ್ಯಾನ್ ತೆಗೆದರೆ ಆ ಬದಿ ದಪ್ಪಗೆ ಕಾಣದೆ ಇನ್ನೇನಾಗುತ್ತದೆ?

ಇನ್ನೊಬ್ಬರ ಮಾತು: ‘ವರದಿಯಲ್ಲಿ ಬರೆದದ್ದು ಸುಳ್ಳೇ?’ ಸುಳ್ಳಲ್ಲ. ಕಂಡದ್ದನ್ನೆಲ್ಲ ಬರೆಯುವುದು ರೇಡಿಯಾಲಜಿಸ್ಟರ ಕರ್ತವ್ಯ. ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದರೆ ನನಗೆ ಆ ನಕ್ಷೆ ಬೇಕೇ ಬೇಕು. ಆದರೆ ನಕ್ಷೆಯಲ್ಲಿರುವ ತಿರುವೆಲ್ಲ ಅಪಘಾತವಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬರೀ ನೆಗಡಿಯಾಗಿದ್ದ 31 ಜನರಿಗೆ ಸಿಟಿ ಮಾಡಿದಾಗ ನೂರಕ್ಕೆ 87ರಷ್ಟು ಜನರ ಕೆನ್ನೆಯ ಸೈನಸ್ ಕೆಟ್ಟಂತೆ ಕಂಡಿತು. ಸುಮಾರು ಎರಡು ವಾರದ ನಂತರ ಮತ್ತೆ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಆಂಟಿಬಯೋಟಿಕ್ ಇಲ್ಲದೆಯೇ ಅದು ಸರಿಹೋಗಿತ್ತು ಅಥವಾ ಬಹಳ ಸುಧಾರಿಸಿತ್ತು. ತಲೆನೋವಿನ ಮಾತಿಗೆ ಬಂದರೆ, ‘ಸೈನಸ್ ತಲೆನೋವು’ ಎಂದು ನಂಬಿದ್ದ 2,991 ಜನರನ್ನು 2004ರ ಒಂದು ಅಧ್ಯಯನದಲ್ಲಿ ವಿಚಾರಿಸಿದಾಗ ನೂರಕ್ಕೆ 88 ಜನರ ನೋವಿನ ಲಕ್ಷಣಗಳು ಮೈಗ್ರೇನಿನವು. ಮೈಗ್ರೇನಿಗೆ ಮೂಗು ಕೊಯ್ದರೆ ತಲೆನೋವು ಹೋದೀತೇ?

‘ನನ್ನ ಭಾವಮೈದುನನಿಗೆ ಆಪರೇಷನ್ ಆದ ಮೇಲೆ ಗುಣವಾಯಿತಲ್ಲ’ ಎಂಬ ವಾದ ಪ್ರತಿ ಸಲವೂ ಬರುತ್ತದೆ. ಅವರಿಗೆ ಪಾಲಿಪ್, ಅಂದರೆ ಪೊರೆಯಿಂದ ಜೋತುಬೀಳುವ ಮೆತ್ತನೆಯ ಗಂಟು, ಇತ್ತೇನೋ. ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ಸ್ಪ್ರೇ ಹಾಕಿಕೊಂಡು, ಉಪ್ಪುನೀರಿನಲ್ಲಿ ಮೂಗು ತೊಳೆದುಕೊಂಡರಲ್ಲ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಗೇ ಬಿರುದು ಕೊಡುತ್ತೇವೆ.

ಶಸ್ತ್ರಚಿಕಿತ್ಸೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ, ನಾನೇ ಮಾಡುತ್ತೇನೆ. ಗುಳ್ಳೆಯ ಒಳಗೇ ಕೀವು ತುಂಬಿದ್ದರೆ, ಅದು ಬಹಳ ದೊಡ್ಡದಾಗಿ ದಾರಿಯನ್ನು ನಿಜಕ್ಕೂ ಮುಚ್ಚಿದ್ದರೆ, ಸರಿಯಾದ ಔಷಧ ಕೊಟ್ಟ ಮೇಲೂ 12 ವಾರ ದಾಟಿದ ಸೈನಸ್ ಉರಿಯೂತ ಹೋಗದಿದ್ದರೆ, ಆಗ ಅದರ ಒಂದು ಬದಿಯ ಗೋಡೆಯನ್ನು ಜೋಪಾನವಾಗಿ ತೆಗೆಯುತ್ತೇವೆ. ಟರ್ಬಿನೇಟನ್ನೇ ಬುಡಸಮೇತ ಕತ್ತರಿಸಿ ಹಾಕಿದರೆ ಏನಾಗಬಹುದೆಂಬುದಕ್ಕೆ 1994ರಿಂದ ಒಂದು ಹೆಸರೇ ಇದೆ, ಖಾಲಿ ಮೂಗಿನ ತೊಂದರೆ. ಮೂಗು ಬಯಲಿನಂತೆ ತೆರೆದಿದ್ದರೂ ಆ ರೋಗಿಗೆ ಉಸಿರು ಸಿಗುತ್ತಿಲ್ಲ ಎನ್ನಿಸುತ್ತದೆ. ಗಾಳಿಯ ತಂಪನ್ನು ಗುರುತಿಸುವ ಪೊರೆಯೇ ಹೋಗಿರುತ್ತದೆ. ಅಂಥವರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿದವರಾರೂ ‘ತೆಗೆದುಬಿಡೋಣ’ ಎಂಬ ಮಾತನ್ನು ಹಗುರವಾಗಿ ಆಡುವುದಿಲ್ಲ.

ಆದ್ದರಿಂದ ಮತ್ತೆ ಹೇಳುತ್ತೇನೆ, ಈ ಸಂಚಿಕೆಯನ್ನು ಮನೆಯವರಿಗೆಲ್ಲ ಕಳುಹಿಸಿ, ಚಾನೆಲ್‌ಗೆ ಚಂದಾದಾರರಾಗಿ, ನಾಳೆ ಯಾರಾದರೂ ಅದೇ ಮಾತು ಆಡಿದರೆ ಅವರ ಮುಂದೆ ಇದನ್ನೇ ಹಾಕಿ: ಮೂಳೆ ಬೆಳೆದಿಲ್ಲ! ಹದಿನೆಂಟರಲ್ಲಿ ಇದ್ದ ಮೂಳೆಯೇ ನಲವತ್ತರಲ್ಲೂ ಇದೆ. ಬೆಳೆದಿಲ್ಲ, ಮೆದುಳಿಗೆ ಹೋಗುವುದಿಲ್ಲ.

ಶಿಡ್ಲಘಟ್ಟದ ಸಹೋದರರೇ, ಒಡವೆಯನ್ನು ಬೀರುವಿನಲ್ಲೇ ಇಡಿ. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಒಂದೇ ಹೊಳ್ಳೆಯಿಂದ ರಕ್ತ, ಸಕ್ಕರೆ ಕಾಯಿಲೆ ಇದ್ದು ಮೂಗಿನಿಂದ ಕಪ್ಪು ಸ್ರಾವ, ಇವುಗಳಲ್ಲಿ ಒಂದಿದ್ದರೂ ಇವತ್ತೇ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ಹತ್ತಿರದ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿಗೆ ವರದಿಯ ಹಾಳೆಯೊಂದನ್ನೇ ಅಲ್ಲ, ಸ್ಕ್ಯಾನಿನ ಸಿ.ಡಿ.ಯನ್ನೂ ತೆಗೆದುಕೊಂಡು ಹೋಗಿ, ಎಂಡೋಸ್ಕೋಪ್ ಹಾಕಿ ನೋಡಿ ಎಂದು ಕೇಳಿ, ನಿಮ್ಮ ಕೆಲಸ ಏನೆಂದು ನೀವಾಗಿಯೇ ಹೇಳಿ. ಮೂಗು ತೊಳೆಯುವ ಕ್ರಮವನ್ನು ಮುಂದಿನ ಭಾನುವಾರದ ಸಂಚಿಕೆಯಲ್ಲಿ ಮಾಡಿಯೇ ತೋರಿಸುತ್ತೇನೆ. ಅಲ್ಲಿಯವರೆಗೆ ಒಂದು ಎಚ್ಚರಿಕೆ: ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರಾದರೂ ಸರಿ, ಕುದಿಸಿ ಆರಿಸದೆ ಮೂಗಿಗೆ ಹಾಕಬೇಡಿ.