ಬೋಟಿನಲ್ಲಿ ತಲೆ ಸುತ್ತಿದರೆ ಅಲೆಯನ್ನೇ ದೂರಬೇಡಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ, ಬೆಳಗಾವಿಯಿಂದ ನೆಂಟರು ಗೋವಾಕ್ಕೆ ಬಂದರೆ ಮಾಂಡೋವಿ ನದಿಯಲ್ಲಿ ಒಂದು ಬೋಟ್ ಸುತ್ತು ಆಗಲೇಬೇಕು. ಹತ್ತುವಾಗ ಲೈಫ್ ಜಾಕೆಟ್ ಕೇಳುತ್ತೇವೆ. ಕೇಳಲೇಬೇಕು. ಆದರೆ ನೀರಿಗೆ ಬೀಳದೆಯೂ ಬೋಟಿನಲ್ಲಿ ಜೀವ ಹೋಗಬಹುದು. ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಸಾಕು.

ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಪೆಟ್ರೋಲ್ ಇಂಜಿನ್‌ನಲ್ಲಿ ಜಾಸ್ತಿ, ಡೀಸೆಲ್‌ನಲ್ಲಿ ಕಡಿಮೆ, ಆದರೆ ಅಲ್ಲೂ ಇದ್ದೇ ಇರುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೀರಿ, ಮೈಗೆ ಆಮ್ಲಜನಕ ಮಾತ್ರ ಸಿಗುವುದಿಲ್ಲ.

ಸುತ್ತ ಬಯಲು, ಇಷ್ಟು ಗಾಳಿ, ಹೊಗೆ ಹಿಂದಕ್ಕೆ ಹೋಗುತ್ತದೆ ಅಲ್ವಾ ಅಂತ ಕೇಳುತ್ತಾರೆ. ಹೋಗುವುದಿಲ್ಲ. ಮೂತಿ ಎತ್ತಿಕೊಂಡು ಹೋಗುವ ಬೋಟಿನ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಹೊಗೆ ತಿರುಗಿ ಒಳಗೇ ನುಗ್ಗುತ್ತದೆ. ಮಳೆ ಬಂತು ಅಂತ ಮುಂದಿನ ಮತ್ತು ಪಕ್ಕದ ಟಾರ್ಪಾಲು ಇಳಿಸಿ, ಹಿಂದೆ ಮಾತ್ರ ತೆರೆದಿಟ್ಟರೆ ಇನ್ನೂ ಕೆಟ್ಟದ್ದು. ಗಾಳಿ ಬರಲಿ ಅಂತ ಬಿಟ್ಟ ಬಾಯಿಂದಲೇ ಹೊಗೆ ಬರುತ್ತದೆ. ಎದುರಿನ ಟಾರ್ಪಾಲನ್ನೂ ಸ್ವಲ್ಪ ಎತ್ತಿ ಕಟ್ಟಿಸಿ. ಒಂದಿಷ್ಟು ನೆನೆದರೆ ಏನೂ ಆಗುವುದಿಲ್ಲ.

ಹಿಂದಿನ ಮೆಟ್ಟಿಲು ಮಕ್ಕಳಿಗೆ ಬಹಳ ಇಷ್ಟ. ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಅಲ್ಲೇ ಕೆಳಗೆ ನೋಡಿ, ಸೈಲೆನ್ಸರ್ ಪೈಪಿನ ಬಾಯಿ ಗುಳುಗುಳು ಅನ್ನುತ್ತಿರುತ್ತದೆ, ಸುತ್ತ ಕಪ್ಪು ಮಸಿ ಹಿಡಿದಿರುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದ ಲೇಕ್ ಪೊವೆಲ್‌ನಲ್ಲಿ ಹೌಸ್‌ಬೋಟಿನ ಹಿಂದೆ ಈಜುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ತೀರಿಕೊಂಡರು. ಈಜುವವರಿಗೆ ಅಂತ ಮಾಡಿದ್ದ ಹಲಗೆಯ ಕೆಳಗೆ ಜನರೇಟರಿನ ಹೊಗೆ ತುಂಬಿತ್ತು. ಎಸಿ ಬೇಕು, ಹಾಡು ಬೇಕು ಅಂತ ನಮ್ಮಲ್ಲೂ ಬರ್ತ್‌ಡೇ ಪಾರ್ಟಿ ಬೋಟುಗಳಲ್ಲಿ ಜನರೇಟರ್ ಓಡುತ್ತದೆ. ಯಾರಾದರೂ ನೀರಿಗಿಳಿದರೆ ಇಂಜಿನ್, ಜನರೇಟರ್ ಎರಡೂ ಆಫ್ ಆಗಬೇಕು. ಇದರಲ್ಲಿ ಚೌಕಾಸಿ ಬೇಡ.

ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಇದರ ಲಕ್ಷಣ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು. ಅಲೆ ಹೊಡೆತಕ್ಕೂ ಇದೇ ಆಗುತ್ತದೆ, ಬಿಸಿಲಿಗೂ ಇದೇ. ಆಗ ನಾವು ಪ್ರೀತಿಯಿಂದ ಹೇಳುವುದೇನು? "ಒಳಗೆ ಹೋಗಿ ಸ್ವಲ್ಪ ಮಲಕ್ಕೋ ಪುಟ್ಟಾ." ಒಳಗೇ ಹೊಗೆ ತುಂಬಿದ್ದರೆ ಆ ಮಗು ಏಳುವುದಿಲ್ಲ. ಮೊದಲು ಹೊರಗೆ, ಗಾಳಿ ಬರುವ ಕಡೆ ಕರೆದುಕೊಂಡು ಬನ್ನಿ. ಇಂಜಿನ್ ನಿಲ್ಲಿಸಿ. ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ತಲೆನೋವು ಬಂದರಂತೂ ಹೊಗೆಯ ಮೇಲೆಯೇ ಅನುಮಾನ ಇರಲಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತು ಅಂತ ಸುಮ್ನೆ ಕೂರಬೇಡಿ. ಆ ಯಂತ್ರಕ್ಕೆ ಈ ಅನಿಲ ಅಂಟಿದ ರಕ್ತವೂ ಚೆನ್ನಾಗಿರುವ ರಕ್ತದ ಹಾಗೇ ಕಾಣುತ್ತದೆ. ದಡಕ್ಕೆ ಬಂದವರೇ ಆಸ್ಪತ್ರೆಗೆ ಹೋಗಿ, ಬೋಟಿನ ಹೊಗೆ ಕುಡಿದಿರಬಹುದು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಗೋವಾದ ಮಾಲಿಮ್, ವಾಸ್ಕೋ ಮೀನುಗಾರಿಕೆ ಜೆಟ್ಟಿಗಳಲ್ಲಿ ಖಲಾಸಿ ಕೆಲಸಕ್ಕಿರುವ ತಮ್ಮಂದಿರೇ, ಕ್ಯಾಬಿನ್ ಬಾಗಿಲು ಹಾಕಿಕೊಂಡು ಸ್ಟೌ ಹಚ್ಚಿಟ್ಟು ಮಲಗಬೇಡಿ, ಅದರಿಂದಲೂ ಇದೇ ಅನಿಲ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುತ್ತದಲ್ಲ, ಬೋಟ್ ರಿಪೇರಿಗೆ ಹಾಕಿದಾಗ ಹೊಗೆ ಪೈಪಿನ ರಬ್ಬರ್ ಬಿರುಕು ಬಿಟ್ಟಿದೆಯಾ, ಕ್ಲಾಂಪ್ ತುಕ್ಕು ಹಿಡಿದಿದೆಯಾ ಅಂತ ಕೈಹಾಕಿ ನೋಡಿ.

ಮೂಗಿಗೆ ಸಿಗದ ಅನಿಲವನ್ನು ಹಿಡಿಯುವುದಕ್ಕೆ ಅಲಾರ್ಮ್ ಬೇಕೇ ಬೇಕು. ಹೊಗೆಗೆ ಕೂಗುವ ಮಾಮೂಲಿ ಅಲಾರ್ಮ್ ಅಲ್ಲ, ಕಾರ್ಬನ್ ಮೊನಾಕ್ಸೈಡಿಗೇ ಮಾಡಿದ್ದು, ಅದರಲ್ಲೂ ಬೋಟಿಗೆ ಅಂತಲೇ ಬರುವುದು. ಒಳಗೆ ಮಲಗುವಂಥ ಕ್ಯಾಬಿನ್ ಇರುವ ಬೋಟುಗಳಿಗೆ ಅಮೆರಿಕದ ಮಿನ್ನೆಸೋಟಾ ರಾಜ್ಯ 2018ರಲ್ಲೇ ಇದನ್ನು ಕಡ್ಡಾಯ ಮಾಡಿತು. ಗೋವಾದಲ್ಲಿ, ಮುಂಬೈನಲ್ಲಿ ಲೈಸೆನ್ಸ್ ಕೊಡುವವರು ಲೈಫ್ ಜಾಕೆಟ್ ಎಣಿಸುವಾಗ ಇದನ್ನೂ ನೋಡಬೇಕು ಅನ್ನುವುದು ನನ್ನ ಒತ್ತಾಯ. ಅಲ್ಲಿವರೆಗೆ ಕೇಳುವವರು ನಾವೇ. ಕ್ಯಾಬಿನ್ ಬೋಟ್ ಬಾಡಿಗೆ ಮಾತಾಡುವಾಗಲೇ ಅಲಾರ್ಮ್ ಇದೆಯಾ ಕೇಳಿ, ಟೆಸ್ಟ್ ಬಟನ್ ಒತ್ತಿ ತೋರಿಸಿ ಅನ್ನಿ. ಇಲ್ಲ ಅಂದರೆ ಬೇರೆ ಬೋಟ್ ನೋಡಿ.