ಜಾಗ ಹುಡುಕುವ ಮೂರು ನಿಮಿಷ

ಕೇಳುಗರೇ, ನಮಸ್ಕಾರ.

ಕಾರು ನಿಲ್ಲಿಸೋಕೆ ಜಾಗ ಸಿಗದೆ ಒಂದೇ ಬೀದಿಯನ್ನು ಎರಡು ಮೂರು ಸಲ ಸುತ್ತಿದವರು ನಿಮ್ಮಲ್ಲಿ ಎಷ್ಟೋ ಮಂದಿ ಇರಬಹುದು. ಜಾಗ ಸಿಕ್ಕಿದ ಕೂಡಲೇ ಆ ಸುತ್ತಾಟವನ್ನು ಮರೆತುಬಿಡುತ್ತೇವೆ, ಅಲ್ವಾ? ಅದನ್ನು ಮರೆಯದೆ, ಅದರ ಬೆನ್ನು ಹತ್ತಿದ ಒಬ್ಬ ಮೇಷ್ಟ್ರ ಬಗ್ಗೆ ಇವತ್ತು ಮಾತನಾಡುತ್ತೇನೆ.

ಅವರ ಹೆಸರು ಡೊನಾಲ್ಡ್ ಶೂಪ್. ಓದಿದ್ದು ಅರ್ಥಶಾಸ್ತ್ರ. 1974ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿ ನಗರ ಯೋಜನೆ ಕಲಿಸಿದರು. ಆ ವಿಭಾಗ ಈಗ ಅಲ್ಲಿನ ಲಸ್ಕಿನ್ ಸ್ಕೂಲ್ ಆಫ್ ಪಬ್ಲಿಕ್ ಅಫೇರ್ಸ್‌ನಲ್ಲಿದೆ. ನಗರ ಯೋಜನೆ, ಸಾರ್ವಜನಿಕ ನೀತಿ, ಸಮಾಜ ಕಲ್ಯಾಣ ಮೂರನ್ನೂ ಅಲ್ಲಿ ಒಂದೇ ಸೂರಿನಡಿ ಕಲಿಸುತ್ತಾರೆ.

ವಿಶ್ವವಿದ್ಯಾಲಯದ ಪಕ್ಕದಲ್ಲೇ ವೆಸ್ಟ್‌ವುಡ್ ವಿಲೇಜ್ ಅಂತ ಒಂದು ಪೇಟೆ. ಬೀದಿ ಬದಿಯಲ್ಲಿ, ಕಾರು ನಿಂತ ಹೊತ್ತಿಗೆ ದುಡ್ಡು ವಸೂಲು ಮಾಡುವ ಮೀಟರ್ ಹಾಕಿದ 470 ಪಾರ್ಕಿಂಗ್ ಜಾಗ. ಅಲ್ಲಿಗೆ ಬಂದ ಒಂದು ಕಾರು ಜಾಗ ಸಿಗುವ ತನಕ ಎಷ್ಟು ಸುತ್ತುತ್ತದೆ? ಇದನ್ನು ತಿಳಿಯೋಕೆ ಶೂಪ್ ಮತ್ತು ಅವರ ವಿದ್ಯಾರ್ಥಿಗಳು ಸೈಕಲ್ ಹತ್ತಿದರು. ಯಾಕೆ ಸೈಕಲ್ ಅಂತೀರಾ? ಅಡ್ಡರಸ್ತೆಗೊಂದು ಸಿಗ್ನಲ್ಲೋ ಸ್ಟಾಪ್ ಬೋರ್ಡೋ ಇರುವ ಕಡೆ ಕಾರು ಓಡುವುದೂ ಸೈಕಲ್ಲಿನ ವೇಗದಲ್ಲೇ. ಚಕ್ರಕ್ಕೆ ದೂರ ಅಳೆಯುವ ಮೀಟರ್ ಕಟ್ಟಿಕೊಂಡು, ಖಾಲಿ ಜಾಗ ಕಾಣುವ ತನಕ ಸುತ್ತಿದರು. ಮತ್ತೆ ಸುತ್ತಿದರು. ಹೀಗೆ 240 ಸಲ.

ಸರಾಸರಿ ತೆಗೆದರೆ 3.3 ನಿಮಿಷ. ದೂರ ಅರ್ಧ ಮೈಲಿ, ಅಂದರೆ 800 ಮೀಟರ್. ಇಷ್ಟೇನಾ ಅನ್ನಿಸುತ್ತದೆ. ಆದರೆ ಒಂದೊಂದು ಜಾಗಕ್ಕೆ ದಿನಕ್ಕೆ 17 ಕಾರು ಬಂದು ಹೋಗುತ್ತಿದ್ದವು. ಎಲ್ಲ ಕೂಡಿ ಗುಣಿಸಿದರೆ ಆ ಪುಟ್ಟ ಪೇಟೆಯೊಂದರಲ್ಲೇ ವರ್ಷಕ್ಕೆ ಸುಮಾರು 15 ಲಕ್ಷ ಕಿಲೋಮೀಟರ್ ಸುತ್ತಾಟ. ಭೂಮಿಯನ್ನು 38 ಸಲ ಸುತ್ತಿದಷ್ಟು! ಈ ಲೆಕ್ಕ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟಿದ್ದೆ. ಅಷ್ಟೊಂದು ಪೆಟ್ರೋಲು, ಅಷ್ಟು ಹೊಗೆ. ಯಾರೂ ಎಲ್ಲಿಗೂ ಹೋಗಿರಲಿಲ್ಲ.

ಕಾರಣವೂ ಸಿಕ್ಕಿತು. ಬೀದಿ ಬದಿಯಲ್ಲಿ ಆಗ ಗಂಟೆಗೆ 50 ಸೆಂಟ್, ಅಂದರೆ ಅರ್ಧ ಡಾಲರ್. ಪಾರ್ಕಿಂಗ್ ಕಟ್ಟಡದೊಳಗೆ ಕಡಿಮೆಯೆಂದರೂ ಒಂದು ಡಾಲರ್. ಅಗ್ಗದ ಜಾಗಕ್ಕಾಗಿ ಜನ ಸುತ್ತುತ್ತಿದ್ದರು. ತಪ್ಪು ಜನರದ್ದಲ್ಲ, ದರದ್ದು. ಪ್ರತಿ ಬೀದಿಯಲ್ಲೂ ಒಂದೆರಡು ಜಾಗ ಸದಾ ಖಾಲಿ ಉಳಿಯುವಷ್ಟು ದರ ಇಡಿ, ಬಂದ ಹಣವನ್ನು ಅದೇ ಬೀದಿಗೆ ಖರ್ಚು ಮಾಡಿ ಅಂತ ಶೂಪ್ ಹೇಳುತ್ತಾ ಬಂದರು.

ಹತ್ತಿರದ ಪ್ಯಾಸಡೀನಾ ನಗರದ ಹಳೆ ಪೇಟೆ ಓಲ್ಡ್ ಪ್ಯಾಸಡೀನಾದಲ್ಲಿ ಇದು ನಡೆದೂ ಹೋಯಿತು. ಅಲ್ಲಿ ಅಂಗಡಿಯವರಿಗೆ ಮೀಟರ್ ಬೇಡವಾಗಿತ್ತು, ಗಿರಾಕಿಗಳು ಬರೋದಿಲ್ಲ ಅನ್ನೋ ಭಯ. ಆದರೆ ಒಳ್ಳೆ ಜಾಗಗಳನ್ನೆಲ್ಲ ಅಂಗಡಿಗಳ ಕೆಲಸಗಾರರೇ ಹಿಡಿದಿರುತ್ತಿದ್ದರು. ಹಣವೆಲ್ಲ ನಿಮ್ಮ ಪೇಟೆಗೇ ಅಂತ ನಗರಾಡಳಿತ ಮಾತು ಕೊಟ್ಟಿತು. 1993ರಲ್ಲಿ ಮೀಟರ್ ಬಂತು. ಆ ದುಡ್ಡಿನಲ್ಲಿ ಫುಟ್‌ಪಾತ್ ಹೊಸದಾಯಿತು, ದೀಪ ಮತ್ತು ಮರ ಬಂದವು, ಹಿಂದಿನ ಗಲ್ಲಿಗಳು ನಡೆದಾಡುವಂತಾದವು.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಮನೆ, ಅಂಗಡಿ, ಕಚೇರಿ ಏನೇ ಕಟ್ಟಿದರೂ ಇಷ್ಟು ಕಾರಿಗೆ ಜಾಗ ಬಿಡಲೇಬೇಕು ಅಂತ ನಿಯಮ. ಆ ಸಂಖ್ಯೆ ಎಲ್ಲಿಂದ ಬಂತು? ಪಕ್ಕದ ಊರನ್ನು ನೋಡಿ ಬರೆದುಕೊಂಡದ್ದು, ಇಲ್ಲವೇ ಎಂಜಿನಿಯರುಗಳ ಕೈಪಿಡಿಯಿಂದ ಎತ್ತಿಕೊಂಡದ್ದು. ಕೈಪಿಡಿ ತೆರೆದು ನೋಡಿದರೆ ಅದರ ಅರ್ಧದಷ್ಟು ಲೆಕ್ಕಗಳು ನಾಲ್ಕೋ ಅದಕ್ಕೂ ಕಡಿಮೆಯೋ ಸಮೀಕ್ಷೆಯ ಮೇಲೆ ನಿಂತಿದ್ದವು. ಆ ಜಾಗದ ಖರ್ಚು ಬಾಡಿಗೆಯಲ್ಲಿ, ಸಾಮಾನಿನ ಬೆಲೆಯಲ್ಲಿ ಸೇರಿಕೊಳ್ಳುತ್ತದೆ. ಕಾರೇ ಇಲ್ಲದವರೂ ಅದನ್ನು ಕಟ್ಟುತ್ತಾರೆ. ಇದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಕಾರು ಬೇಡ ಅಂದುಬಿಟ್ಟರೆ ಸಾಕಾ? ಶೂಪ್ ಅವರ ವಿಭಾಗದಲ್ಲೇ ಪ್ರಾಧ್ಯಾಪಕಿ ಎವೆಲಿನ್ ಬ್ಲೂಮೆನ್‌ಬರ್ಗ್ ಇದ್ದಾರೆ. ಸರ್ಕಾರದ ನೆರವಿನಲ್ಲಿ ಬದುಕುವ ಲಾಸ್ ಏಂಜಲೀಸ್‌ನ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಅಂತ ಸಂಶೋಧಕ ಪಾಲ್ ಆಂಗ್ ಜೊತೆ ನೋಡಿದವರು. ಬಸ್ಸಿನಲ್ಲಿ ತಲುಪಬಹುದಾದ ಕೆಲಸಗಳಿಗಿಂತ ಕಾರಿನಲ್ಲಿ ತಲುಪಬಹುದಾದವು ಎಷ್ಟೋ ಪಟ್ಟು ಹೆಚ್ಚು. ಮಗುವನ್ನು ಬಿಟ್ಟು ಕೆಲಸಕ್ಕೆ ಓಡುವ ತಾಯಿಗೆ ಹಳೆ ಕಾರೂ ಒಂದು ಆಸರೆ. ಅಲ್ಲಿನ ಇನ್ನೊಬ್ಬ ಪ್ರಾಧ್ಯಾಪಕಿ ಅನಾಸ್ತಾಸಿಯಾ ಲೂಕೈಟು-ಸಿಡೆರಿಸ್ ಅಪರಾಧ ಹೆಚ್ಚಿದ್ದ ಬಸ್ ನಿಲ್ದಾಣಗಳ ಸುತ್ತ ಏನೇನಿದೆ ಅಂತ ಹೋಗಿ ನೋಡಿದರು: ಮದ್ಯದ ಅಂಗಡಿ, ಗಲ್ಲಿ, ಪಾಳುಬಿದ್ದ ಕಟ್ಟಡ. ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕಕ್ಕೆ ಸುಲಭವಾಗಿ ಹೊಂದುವುದಿಲ್ಲ. ಇಂಥ ಶಾಲೆಗಳು ಬೇಕಾಗಿರೋದೇ ಅದಕ್ಕೆ ಅಂತ ನಾನು ನಂಬಿದ್ದೇನೆ.

ಶೂಪ್ ಹತ್ತಾರು ವರ್ಷ ಪಾರ್ಕಿಂಗ್ ಬಗ್ಗೆ ತಮ್ಮ ಅದೇ ಮಾತು ಹೇಳಿದರು. ಕ್ಯಾಂಪಸ್ಸಿಗೆ ಸೈಕಲ್ಲಿನಲ್ಲೇ ಬರುತ್ತಿದ್ದರು. 2017ರಲ್ಲಿ ಅಮೆರಿಕದ ಬಫಲೋ ನಗರ, ಕಟ್ಟಡ ಕಟ್ಟಿದರೆ ಇಷ್ಟು ಕಾರಿಗೆ ಜಾಗ ಬಿಡಲೇಬೇಕು ಅನ್ನೋ ನಿಯಮವನ್ನು ಕೈಬಿಟ್ಟಿತು. 2022ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವೇ ಕಾನೂನು ತಂದಿತು. ದೊಡ್ಡ ರೈಲು, ಬಸ್ ನಿಲ್ದಾಣಗಳಿಂದ ಅರ್ಧ ಮೈಲಿಯೊಳಗೆ, ಕೆಲವು ವಿನಾಯಿತಿ ಬಿಟ್ಟರೆ, ಯಾವ ಊರೂ ಇಷ್ಟು ಪಾರ್ಕಿಂಗ್ ಕಟ್ಟಲೇಬೇಕು ಅನ್ನುವಂತಿಲ್ಲ. ಮೇಷ್ಟ್ರು ಅದನ್ನು ಕಣ್ಣಾರೆ ಕಂಡರು. 2025ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರಿಗೆ 86 ವರ್ಷ.

ನಮಸ್ಕಾರ.